ಫಕೀರಪ್ಪ ಕಾಕಾನ ಗುರುತು ಹುಡುಕುವ ಯಂತ್ರ

ಫಕೀರಪ್ಪ ಕಾಕಾ ಗಡಿಯಾರ ರಿಪೇರಿ ಬಿಟ್ಟು ಯಂತ್ರ ಕಂಡುಹಿಡಿಯತೊಡಗಿ ಹನ್ನೊಂದು ವರ್ಷವಾಯಿತು. ಪ್ರತಿ ಸಲವೂ ಬೆಟಗೇರಿಯ ನಮ್ಮ ಓಣಿಯವರನ್ನೆಲ್ಲ ಕರೆದು ತೋರಿಸುತ್ತಾರೆ. ಆಗೆಲ್ಲ ಅವರ ಹೆಂಡತಿ ಶಂಕ್ರವ್ವ ಕಾಕಿ ಅಡುಗೆಮನೆ ಬಾಗಿಲಿಗೆ ಒರಗಿ, ಎಡಹುಬ್ಬು ಒಂದನ್ನೇ ಏರಿಸಿ ನಿಲ್ಲುತ್ತಿದ್ದಳು. ಆ ಹುಬ್ಬು ಏರಿತೆಂದರೆ ಯಂತ್ರ ಕೆಟ್ಟಿತೆಂದೇ ಅರ್ಥ! ಈ ಸಲ ಬಾಗಿಲು ಖಾಲಿಯಿತ್ತು. ಕಾಕಿ ತೀರಿಕೊಂಡು ಮೂರು ತಿಂಗಳಾಗಿತ್ತು.

ಈ ಸಲದ ಯಂತ್ರವೆಂದರೆ ಹಳೆಯ ಟಿವಿ, ಹೊಲಿಗೆ ಯಂತ್ರದ ಗಾಲಿ, ಒಳಗೊಂದು ಬಿಸಿ ದೀಪ. ದೇಶದಲ್ಲಿ ನೋಂದಣಿಯಾದ ಟ್ರೇಡ್‌ಮಾರ್ಕ್‌ಗಳನ್ನೆಲ್ಲ ಇದು ಒಂದೇ ನಿಮಿಷದಲ್ಲಿ ಹುಡುಕುತ್ತದೆ, ಕರೆಂಟು ಹೋದರೂ ಬ್ಯಾಟರಿ ಮೇಲೆ ನಡೆಯುತ್ತದೆ ಎಂದು ಕಾಕಾ ಬೀಗಿದರು. ಕಾಕಿಯೂ ನಾನೂ ಇಪ್ಪತ್ತು ವರ್ಷ ಅಗಸಿ ಚಟ್ನಿಪುಡಿ ಕುಟ್ಟಿ ಹೆಸರು, ಚಿತ್ರ ಏನೂ ಇಲ್ಲದ ಪ್ಯಾಕೆಟ್ಟಿನಲ್ಲಿ ಮಾರಿದವರು. ಈಗ ಪ್ಯಾಕೆಟ್ಟಿನ ಮೇಲೆ ಕಾಕಿಯ ಮುಖ ಹಾಕಬೇಕು, ಅದನ್ನು ನೋಂದಾಯಿಸಬೇಕು. ಅರ್ಜಿಗೆ ಮೊದಲು ಅಂಥದ್ದೇ ಗುರುತು ಬೇರೆಯವರದು ಇದೆಯೇ ಎಂದು ಹುಡುಕಬೇಕು.

"ನಾಳೆ ಯಾರೂ ಆಕಿ ಮಾರಿ ಹಾಕ್ಕೊಂಡು ತಮ್ಮ ಪುಡಿ ಮಾರಬಾರ್ದವಾ," ಎಂದು ಕಾಕಾ ಗೋಡೆಯ ಫೋಟೋ ಇಳಿಸಿ, ಕಟ್ಟು ಬಿಚ್ಚಿ ಒಳಗಿಟ್ಟರು. ಕಾಕಿಯದೆಂದು ಇದ್ದ ಫೋಟೋ ಅದೊಂದೇ.

"ಹೋಲಿಕೆ ಇದೆ," ಎಂದಿತು ಯಂತ್ರ, ಶುದ್ಧ ಪುಸ್ತಕದ ಕನ್ನಡದಲ್ಲಿ.

ಟಿವಿಯಲ್ಲಿ ದೂರದ ರಾಜ್ಯದ ಯಾವುದೋ ಇಂಗಿನ ಡಬ್ಬಿಯ ಗುರುತು ಮೂಡಿತು. ಕಾಕಿಯ ಫೋಟೋದಲ್ಲಿದ್ದ ಅದೇ ಹಸಿರು ಸೀರೆ, ಅದೇ ಸರ, ತೊಡೆಯ ಮೇಲೆ ಅದೇ ಕೈ! ನನಗೆ ತಕ್ಷಣ ಹೊಳೆಯಿತು. ಸತ್ತವರ ಒಳ್ಳೆಯ ಫೋಟೋ ಇಲ್ಲದಿದ್ದರೆ ನಮ್ಮೂರ ಸ್ಟುಡಿಯೋ ಗೂಳಪ್ಪ ತಲೆಯೊಂದನ್ನು ಕತ್ತರಿಸಿ, ತನ್ನ ಬಳಿಯಿರುವ ಒಂದೇ ಮೈಗೆ ಅಂಟಿಸಿ ದೊಡ್ಡದು ಮಾಡಿಕೊಡುತ್ತಾನೆ. ಆ ಮೈ ಈ ಡಬ್ಬಿಯಿಂದಲೇ ಬಂದದ್ದು. ನಮ್ಮ ಅತ್ತೆಯದೂ ಅದೇ ಮೈ. ಓಣಿಯಲ್ಲಿ ತೀರಿಕೊಂಡ ಹೆಂಗಸರೆಲ್ಲ ಅದೇ ಸೀರೆಯಲ್ಲೇ ಕೂತಿದ್ದಾರೆ.

"ಆಕಿ ಎಂದೂ ಹಸರ ಸೀರಿ ಉಟ್ಟಾಕೀನ ಅಲ್ಲ," ಎಂದರು ಕಾಕಾ ಮೆಲ್ಲಗೆ. "ನಾನರೆ ಇದಕ್ಕ ಎಷ್ಟ ಸಲ ಕೈ ಮುಗದೇನಿ!"

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಬೇರೆಯವರದೆಂದು ಕಂಡದ್ದನ್ನೆಲ್ಲ ದೀಪ ಫೋಟೋದ ಮೇಲಿಂದಲೇ ಅಳಿಸುತ್ತಿತ್ತು! ಸೀರೆ ಹೋಯಿತು, ಸರ ಹೋಯಿತು. ಕಾಕಾ ವೈರು ಕಿತ್ತರು. ಬ್ಯಾಟರಿಯ ಮೇಲೆ ಅದು ಇನ್ನೂ ಹುರುಪಿನಿಂದ ನಡೆಯಿತು. ಕುಂಕುಮಕ್ಕೆ ಸಾವಿರಾರು ಹೋಲಿಕೆ, ಅದೂ ಹೋಯಿತು. ಮೂಗುತಿ ಹೋಯಿತು. ಗೂಳಪ್ಪ ಕುಂಚದಿಂದ ತಿದ್ದಿದ್ದ ನಗು ಯಾವುದೋ ಹಲ್ಲುಪುಡಿಯದಂತೆ. ಅದು ಹೋಗುವಾಗ ಕಾಕಾ ಎರಡೂ ಕೈಯಿಂದ ಯಂತ್ರವನ್ನು ಗುದ್ದಿದರು. ನಾನು ಅತ್ತುಬಿಟ್ಟೆ.

ಕೊನೆಗೆ ಯಂತ್ರ ನಿಂತಿತು. "ಇಡೀ ದೇಶದಲ್ಲಿ ಹೋಲಿಕೆ ಇಲ್ಲ."

ಬೆಳ್ಳನೆಯ ಕಾಗದದ ನಡುವೆ ಎಡಹುಬ್ಬು ಒಂದೇ ಉಳಿದಿತ್ತು, ಮಧ್ಯದಲ್ಲಿ ಕೂದಲಿಲ್ಲದ ಸಣ್ಣ ಗೆರೆಯೊಂದಿಗೆ. ಅಗಸಿ ಕುಟ್ಟುವಾಗ ಒನಕೆ ಪುಟಿದು ಆದ ಗಾಯ ಅದು. ಆ ದಿನ ಅರಿಸಿನ ಒತ್ತಿದವಳು ನಾನೇ.

"ಇದು ಆಕೀನ," ಎಂದು ಕಾಕಾ ಕಾಗದವನ್ನು ಎದೆಗೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟರು.

ಎದುರುಮನೆಯ ಪಾರವ್ವ ಎದ್ದು ಹೋಗಿ, ತಮ್ಮ ಗೋಡೆಯ ಫೋಟೋ ತಂದಳು. "ನಮ್ಮತ್ತಿಯೊಳಗ ನಮ್ಮತ್ತಿ ಎಷ್ಟ ಅದಾಳ, ನೋಡೂಣು," ಎಂದಳು. ಅವಳ ಹಿಂದೆ ಉಳಿದವರೂ ತಂದರು. ನಾನೂ ತಂದೆ. ಅಂದೇ ಎಲ್ಲವನ್ನೂ ಒಂದೊಂದಾಗಿ ಯಂತ್ರದೊಳಗಿಟ್ಟೆವು.

ಈಗ ನಮ್ಮ ಓಣಿಯ ಗೋಡೆಗಳ ಮೇಲೆ ಒಂದು ಮನೆಯಲ್ಲಿ ಹರಿದ ಕಿವಿ, ಇನ್ನೊಂದರಲ್ಲಿ ಬರೀ ಗದ್ದ, ನಮ್ಮಲ್ಲಿ ಅತ್ತೆಯ ಕೆಳದುಟಿ ಮಾತ್ರ ಮಾಲೆ ಹಾಕಿಸಿಕೊಂಡು ತೂಗುತ್ತಿವೆ. ಬಂದ ನೆಂಟರು ಹೆದರುತ್ತಾರೆ.

ಅರ್ಜಿಯಲ್ಲಿ ಕಾಕಾ ಹುಬ್ಬನ್ನೇ ಹಾಕಿದರು. ಕಾಗದಕ್ಕೆ ಮತ್ತೆ ಕಟ್ಟು ಹಾಕಿಸಿ, ಯಂತ್ರದ ಎದುರಿನ ಗೋಡೆಗೇ ತೂಗುಹಾಕಿದ್ದಾರೆ. ಹುಬ್ಬು ಏರಿಯೇ ಇದೆ. ಅದರ ಮುಂದೆ ಯಂತ್ರ ಚಾಲೂ ಮಾಡುವ ಧೈರ್ಯ ಅವರಿಗೆ ಇನ್ನೂ ಬಂದಿಲ್ಲ.