ಸುಟ್ಟ ಅಂಗಿಯ ತಿರುಳು

ಹೆಂಡತಿ: ತಿರುಳು ಅಂದ್ರೆ ಹಣ್ಣಿನ ಒಳಗಿರೋದು ತಾನೇ?

ನಾನು: ಕಥೆಯ ತಿರುಳು ಕಣೇ! ಕಥೆ ಒಳಗೆ ಅಡಗಿರೋ ವಿಷಯ. ನಾಳೆ ಮೂರನೇ ಕ್ಲಾಸಿಗೆ ಅದನ್ನೇ ಪಾಠ ಮಾಡಬೇಕು. ಹೆಡ್‌ಮೇಡಂ ಹಿಂದಿನ ಬೆಂಚಲ್ಲಿ ಕೂತು ನೋಡ್ತಾರೆ.

ಹೆಂಡತಿ: ಹೋದ ಸಲವೂ ಕೂತಿದ್ರಲ್ಲ?

ನಾನು: ಕೂತಿದ್ರು. ಆಮೇಲೆ ನಿದ್ದೆ ಹೋದ್ರು.

ಅವಳು ಹೊಲಿಗೆ ಮಷೀನಿನ ಮುಂದೆ, ನಾನು ಇಸ್ತ್ರಿ ಮೇಜಿನ ಮುಂದೆ. ನಾಳೆಗೆಂದೇ ಅವಳು ಹೊಲಿದ ಹೊಸ ಅಂಗಿಗೆ ಇಸ್ತ್ರಿ ಹಾಕುತ್ತಾ ಪಾಠದ ತಾಲೀಮು ನಡೆಸಿದ್ದೆ.

ಹೆಂಡತಿ: ತಿರುಳು ಕೇಳಿದ್ರೆ ಮಕ್ಕಳು ಏನಂತಾರೆ?

ನಾನು: ಯಾವ ಕಥೆಗೂ ಒಂದೇ ಉತ್ತರ, 'ಸುಳ್ಳು ಹೇಳಬಾರದು ಸಾರ್.' ಮೊನ್ನೆ ಆಮೆ ಬಾವಿಗೆ ಬಿದ್ದ ಕಥೆ ಹೇಳಿದೆ. ಆಮೆ ಬಾಯೇ ಬಿಟ್ಟಿರಲಿಲ್ಲ!

ಹೆಂಡತಿ: ಪಾಪ, ಪಾಠ ಬೇಗ ಮುಗೀಲಿ ಅಂತ ಹೇಳಿರ್ತಾವೆ.

ನಾನು: ಈಗ ನೀನೇ ಕ್ಲಾಸು. ತಿರುಳು 'ಗಮನ'. ಒಂದೂರಲ್ಲಿ ಒಂದು ಅಳಿಲು...

ಹೆಂಡತಿ: ರೀ, ಇಸ್ತ್ರಿ...

ನಾನು: ಇಸ್ತ್ರಿ ಅಲ್ಲ ಕಣೇ, ಅಳಿಲು. ಕ್ಲಾಸಲ್ಲಿ ಮಧ್ಯೆ ಬಾಯಿ ಹಾಕಬಾರದು, ಕೈ ಎತ್ತಬೇಕು.

ಅವಳು ಕೈ ಎತ್ತಿದಳು. ನಾನು ಕಾಣದವನಂತೆ ಅಳಿಲನ್ನು ಮರ ಹತ್ತಿಸಿದೆ. ಅವಳು ಎರಡೂ ಕೈ ಎತ್ತಿದಳು.

ನಾನು: ಹ್ಞಾಂ, ಈಗ ಹೇಳು.

ಹೆಂಡತಿ: ಹೊಗೆ ಬರ್ತಿದೆ ಸಾರ್.

ಇಸ್ತ್ರಿಪೆಟ್ಟಿಗೆ ಎತ್ತಿದರೆ ಅಂಗಿಯ ಬೆನ್ನಲ್ಲಿ ಅದರದೇ ಆಕಾರದ ಕಿಂಡಿ.

ಹೆಂಡತಿ: ತಿರುಳು 'ಗಮನ' ಅಂದ್ರಿ, ಅಲ್ವಾ?

ನಾನು: ನಗಬೇಡ. ನಾಳೆ ಏನು ಮಾಡ್ಲಿ?

ಹೆಂಡತಿ: ಅಳಿಲನ್ನ ಮರದ ಮೇಲೇ ಬಿಡಿ. ಹಳೇ ಅಂಗಿ ಹಾಕ್ಕೊಂಡು ಹೋಗಿ ಇದನ್ನ ಎತ್ತಿ ತೋರಿಸಿ. ಏನಾಗಿರಬಹುದು ಅಂತ ಮಕ್ಕಳನ್ನೇ ಕೇಳಿ.

ನಾನು: ಮತ್ತೆ ನನ್ನ ಮಾನ?

ಹೆಂಡತಿ: ಅದಕ್ಕೆ ಆಮೇಲೆ ತೇಪೆ ಹಾಕೋಣ.

ಮರುದಿನ ಅಂಗಿ ಎತ್ತಿ ಹಿಡಿದೆ. ಕಿಂಡಿಯೊಳಗಿಂದ ನೋಡಿದರೆ ಇಡೀ ಕ್ಲಾಸಿನ ಕೈ ಮೇಲಿತ್ತು. ನಡೆದದ್ದನ್ನು ಅರ್ಧ ಅವರೇ ಊಹಿಸಿದರು, ಉಳಿದರ್ಧ ನಾನು ಒಪ್ಪಿಸಿದೆ. 'ಗಮನ ಇರಬೇಕು' ಅಂತ ಒಬ್ಬ. 'ಅಲ್ಲ, ಇನ್ನೊಬ್ಬರ ಮಾತು ಕೇಳಬೇಕು' ಅಂತ ಕಿಟಕಿ ಪಕ್ಕದ ಹುಡುಗಿ. ತಿರುಳಿಗಾಗಿ ಜಗಳವೇ ಶುರುವಾಯಿತು. ಸುಳ್ಳಿನ ಸುದ್ದಿ ಯಾರೂ ಎತ್ತಲಿಲ್ಲ. ನೋಡುತ್ತೇನೆ, ಹೆಡ್‌ಮೇಡಂ ಕೂಡ ಕೈ ಎತ್ತಿದ್ದಾರೆ!

ಹೆಡ್‌ಮೇಡಂ: ಮೇಷ್ಟ್ರೇ, ಇಷ್ಟಾದ ಮೇಲೂ ನಿಮ್ಮ ಮನೆಯವರು ನಿಮಗೆ ಇನ್ನೊಂದು ಅಂಗಿ ಹೊಲಿದುಕೊಟ್ರೆ ತಿರುಳು 'ಕ್ಷಮೆ' ಆಗುತ್ತಾ?

ಸಂಜೆ ಓಡಿಕೊಂಡೇ ಮನೆಗೆ ಬಂದೆ.

ನಾನು: ಗೆದ್ದೆ ಕಣೇ! ಮುಂದಿನ ವಾರ ಉಳಿದ ಮೇಷ್ಟ್ರುಗಳೂ ಬಂದು ನೋಡ್ತಾರಂತೆ. ತಿರುಳು 'ಧೈರ್ಯ'. ತೋರಿಸೋಕೆ ಮನೆಯಿಂದ ಏನು ತಗೊಂಡು ಹೋಗ್ಲಿ?

ಹೆಂಡತಿ: ಏನೂ ಬೇಡ, ನನ್ನನ್ನೇ ಕರ್ಕೊಂಡು ಹೋಗಿ. ನಿಮ್ಮನ್ನ ಮದುವೆ ಆದವಳು ಅಂತ ಹೇಳಿ. ಮಿಕ್ಕಿದ್ದು ಮಕ್ಕಳೇ ಹೇಳ್ತಾವೆ.