ಎಂಟು ಕಾಯಿ, ಒಂದು ಮಗು

ಮಗು ಏನನ್ನಾದರೂ ನುಂಗಿಬಿಟ್ಟರೆ? ಹನ್ನೊಂದು ತಿಂಗಳ ಪಾಪು ಅಂಬೆಗಾಲಿಡಲು ಶುರುಮಾಡಿದಂದಿನಿಂದ ಮಧುಶ್ರೀಯ ತಲೆಯಲ್ಲಿ ಈ ಪ್ರಶ್ನೆ ಠಿಕಾಣಿ ಹೂಡಿತ್ತು. ಪಿನ್ನು, ಗುಂಡಿ, ಚಿಲ್ಲರೆ ಕಾಸು ಎಲ್ಲವೂ ಬೀರುವಿನ ನೆತ್ತಿಗೇರಿದ್ದವು. ಬಸ್ಸಿನ ಚಿಲ್ಲರೆಗೂ ಗಂಡ ದಿನೇಶ ಸ್ಟೂಲು ಹತ್ತಬೇಕಿತ್ತು!

ಆದರೂ ಆ ಭಾನುವಾರ ಬೆಳಿಗ್ಗೆ ಸುದ್ದಗುಂಟೆಪಾಳ್ಯದ ಮನೆಯ ಹಾಲಿನಲ್ಲಿ ನಿಂತು ಅವಳು ಭೀಷ್ಮಪ್ರತಿಜ್ಞೆ ಮಾಡಿದಳು. "ರೀ, ಎಂಬಿಎ ಎಂಟ್ರೆನ್ಸಿಗೆ ಇನ್ನೆರಡೇ ವಾರ. ಇವತ್ತು ಊಟದ ಹೊತ್ತಿಗೆ ಪ್ರಾಬಬಿಲಿಟಿ ಮುಗಿಸೇ ಬಿಡ್ತೀನಿ. ಪಾಪೂನ ನೀವು ನೋಡ್ಕೊಳ್ಳಿ!"

"ನೋಡ್ಕೊಳ್ತಾನೇ ಇದೀನಿ," ಎಂದಿತು ಪೇಪರಿನ ಹಿಂದಿನಿಂದ ಒಂದು ಧ್ವನಿ.

ಮೊದಲ ಲೆಕ್ಕ: ಚೀಲದಲ್ಲಿ ನಾಲ್ಕು ಕೆಂಪು, ನಾಲ್ಕು ಹಸಿರು ಚೆಂಡು. ಒಂದನ್ನು ತೆಗೆದು, ಅದನ್ನು ವಾಪಸ್ ಹಾಕದೆ ಇನ್ನೊಂದನ್ನು ತೆಗೆದರೆ ಎರಡೂ ಕೆಂಪಾಗಿರುವ ಸಂಭವ ಎಷ್ಟು? ಮೂರು ಸಲ ಮಾಡಿದಳು; ಮೂರು ಉತ್ತರ ಬಂದವು. ಒಂದಂತೂ ನೂರಕ್ಕೆ ನೂರಹತ್ತು! ಕೈಯಾರೆ ಪರೀಕ್ಷಿಸಿಯೇ ನೋಡೋಣವೆಂದು ಅತ್ತೆ ಮುನಿಲಕ್ಷ್ಮಮ್ಮನ ಚೌಕಾಬಾರದ ಡಬ್ಬಿ ಇಳಿಸಿದಳು. ಅದರಲ್ಲಿ ಚನ್ನಪಟ್ಟಣದ ಮರದ ಕಾಯಿಗಳು, ಸರಿಯಾಗಿ ನಾಲ್ಕು ಕೆಂಪು, ನಾಲ್ಕು ಹಸಿರು. ಗೊಟ್ಟಿಗೆರೆಯ ಮಗಳ ಮನೆಗೆ ಹೊರಡುವಾಗ ಅತ್ತೆ ಹೇಳಿಹೋಗಿದ್ದು ಎರಡೇ ಮಾತು: "ಮಗು ಜೋಪಾನ. ನನ್ ಕಾಯಿ ಮುಟ್ಬೇಡಿ."

ಎಂಟನ್ನೂ ಎಣಿಸಿ ಬಟ್ಟೆಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ತೆಗೆದಳು. ಕೆಂಪು! ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ. ಓಡಿದಳು. ಒಲೆ ಒರೆಸಿ ಬರುವ ಹೊತ್ತಿಗೆ ಪೇಪರು ದಿನೇಶನ ಮುಖದ ಮೇಲೆ ಗೊರಕೆಯ ತಾಳಕ್ಕೆ ಏಳುತ್ತ ಬೀಳುತ್ತ ಇತ್ತು. ಪಾಪು ಚೀಲ ಮಗುಚಿಕೊಂಡು ಕೂತಿತ್ತು. ಎಣಿಸಿದಳು. ಏಳು! ಹಸಿರು ನಾಲ್ಕು, ಕೆಂಪು ಮೂರೇ! ಪಾಪು ಅವಳನ್ನೇ ನೋಡುತ್ತ ಏನನ್ನೋ ಗುಟುಕ್ಕನೆ ನುಂಗಿತು.

"ರೀ! ಏಳ್ರೀ! ಪಾಪು ಕಾಯಿ ನುಂಗಿದೆ!"

ಮಗುವಿನ ಬಾಯಿಗೆ ಬೆರಳು ಹಾಕಿದಳು. ಸಿಕ್ಕಿದ್ದು ಎರಡು ಹೊಸ ಹಲ್ಲು, ಅವು ಕಚ್ಚಿದವು.

"ನುಂಗಿದ್ದನ್ನ ನೋಡಿದ್ಯಾ?" ಎಂದ ದಿನೇಶ.

"ನೋಡೋಕೆ ಅಂತಾನೇ ನಿಮ್ಮನ್ನ ಕೂರಿಸಿದ್ದೆ!"

"ಮಂಚದ ಕೆಳಗೆ ಉರುಳಿರತ್ತೆ ಬಿಡೆ."

ಕಾಯಿ ಇರಬಹುದಾದ ಜಾಗ ನಾಲ್ಕು: ಮಂಚದಡಿ, ಚಪ್ಪಲಿ ಗೂಡು, ಬಚ್ಚಲು, ಪಾಪುವಿನ ಹೊಟ್ಟೆ. ಅಂದರೆ ಹೊಟ್ಟೆಯಲ್ಲಿರುವ ಸಂಭವ ನಾಲ್ಕರಲ್ಲೊಂದು. ಮಂಚದಡಿ ಇರಲಿಲ್ಲ, ಮೂರರಲ್ಲೊಂದಾಯಿತು. ಚಪ್ಪಲಿಗಳನ್ನೆಲ್ಲ ಕೊಡವಿದರು, ಅರ್ಧಕ್ಕೆ ಬಂತು. ಬಚ್ಚಲಲ್ಲೂ ಇಲ್ಲ! ಹುಡುಕಿದಷ್ಟೂ ಅಪಾಯ ಹೆಚ್ಚುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಮಧುಶ್ರೀಗೆ ಪ್ರಾಬಬಿಲಿಟಿಯಲ್ಲಿ ಅನುಮಾನವಿಲ್ಲದ ಉತ್ತರ ಸಿಕ್ಕಿತು: ಒಂದು. ಖಂಡಿತ! ಪಾಪುವನ್ನು ಎತ್ತಿ ಹೊಟ್ಟೆಗೆ ಕಿವಿಯಿಟ್ಟಳು. ಪಾಪು ನಕ್ಕಿತು. ಆ ನಗುವಿನಲ್ಲೂ ಮರದ ಸದ್ದು ಕೇಳಿದಂತಾಯಿತು.

ದಿನೇಶನ ನಿದ್ದೆ ಈಗ ಪೂರ್ತಿ ಇಳಿದಿತ್ತು. "ಎಕ್ಸ್‌ರೇ ತೆಗೆಸೋಣ. ನಾನು ಸ್ಕೂಟರ್ ಈಚೆ ತೆಗೀತೀನಿ. ನೀನು ಅಮ್ಮಂಗೊಂದು ಫೋನ್ ಮಾಡು. ಐದು ಮಕ್ಕಳನ್ನ ಸಾಕಿದಾರೆ, ಏನಾದ್ರೂ ಗೊತ್ತಿರತ್ತೆ."

"ನೀವೇ ಮಾಡ್ರೀ. ನಿಮ್ಮಮ್ಮ ತಾನೇ!"

"ಕಾಯಿ ಮುಟ್ಟಿದ್ದು ಯಾರು?"

ಎರಡು ಸಲ ನಂಬರು ಒತ್ತಿ, ಎರಡು ಸಲವೂ ರಿಸೀವರ್ ಇಟ್ಟುಬಿಟ್ಟಳು. ಹೊರಗೆ ದಿನೇಶ ಸ್ಕೂಟರನ್ನು ವಾಲಿಸಿ ಒದೆಯುತ್ತಿದ್ದ. ಕೊನೆಗೆ ಪಾಪುವನ್ನು ಎದೆಗವಚಿಕೊಂಡು ಒತ್ತಿಯೇಬಿಟ್ಟಳು.

"ಅತ್ತೇ..." ಎಂದವಳೇ ಬಿಕ್ಕುತ್ತ, ವೇಲಿನಿಂದ ಕಣ್ಣೊರೆಸಿಕೊಳ್ಳುತ್ತ ಎಲ್ಲವನ್ನೂ ಒಪ್ಪಿಸಿದಳು: ಚೀಲ, ಕೆಂಪು ಕಾಯಿ, ಹಾಲು, ಗುಟುಕು.

"ಅಳೋದು ನಿಲ್ಸು. ಮಗು ಕೆಮ್ತಾ ಐತಾ?"

"ಇಲ್ಲ. ನಗ್ತಾ ಇದೆ."

"ಸರಿ, ಮೊದ್ಲು ಒಂದು ಕಾಯಿ ತೆಗ್ದೆ ಅಂದ್ಯಲ್ಲ, ಅದನ್ನ ಚೀಲಕ್ಕೆ ವಾಪಸ್ ಹಾಕ್ದ್ಯಾ?"

"ಹಾಕ್ಬಾರ್ದು ಅತ್ತೆ! ಪ್ರಶ್ನೇಲೇ ಹಂಗಿದೆ!"

"ಮತ್ತೆ ಎಲ್ಲಿಟ್ಟೆ?"

"ಹಾಲು ಉಕ್ತಲ್ಲ, ಪಾಪು ಕೈಗೆ ಸಿಗ್ಬಾರ್ದು ಅಂತ..."

ಇಷ್ಟು ಹೊತ್ತು ಕಣ್ಣೀರು ಒರೆಸುತ್ತಿದ್ದ ವೇಲಿನ ತುದಿಯಲ್ಲಿ ಗಟ್ಟಿಯಾದೊಂದು ಗಂಟಿತ್ತು. ಬಿಚ್ಚಿದಳು. ಕೆಂಪು!

"ಹಲೋ? ಅಮ್ಮಿ?"

"ಸಿಕ್ತು ಅತ್ತೆ. ವೇಲಿನ ತುದೀಲೇ ಕಟ್ಕೊಂಡಿದ್ದೆ."

"ಎಂಟ್ರಲ್ಲಿ ಒಂದು ತೆಗೆದ್ರೆ ಚೀಲ್ದಲ್ಲಿ ಏಳೇ ಇರ್ತವೆ ಕಣಮ್ಮಿ," ಎಂದರು ಶಾಲೆಯ ಮೆಟ್ಟಿಲನ್ನೇ ಹತ್ತದ ಮುನಿಲಕ್ಷ್ಮಮ್ಮ. "ಪರೀಕ್ಷೆ ಯಾವತ್ತು? ಹಿಂದಿನ್ ದಿನಾನೇ ಬತ್ತೀನಿ, ಮಗೂನ ನಾನ್ ನೋಡ್ಕೊತೀನಿ. ನೀನು ಹಾಲ್ ಟಿಕೆಟ್ ಒಂದನ್ನ ವೇಲಲ್ಲಿ ಕಟ್ಕೋಬೇಡ, ಅಷ್ಟೇಯಾ!"