ಬಾಯ್ಲರಿಗೆ ತಣ್ಣೀರು

ಕೈಯಲ್ಲಿ ಅರ ಹಿಡಿದ ಮನುಷ್ಯನಿಗೆ ತನ್ನ ಮೇಲೆ ತನಗೇ ಹುಟ್ಟುವ ಗೌರವ ಬೇರಾವ ಕೆಲಸದಲ್ಲೂ ಹುಟ್ಟುವುದಿಲ್ಲ. ಬೆಳಗಿನಿಂದ ಹಿತ್ತಾಳೆಯ ತುಂಡೊಂದನ್ನು ಉಜ್ಜಿ, ಸಂಜೆಗೆ ಅದು ಕೂದಲೆಳೆಯಷ್ಟು ಸವೆದಿದ್ದರೂ ಸಾಕು, ಊಟಕ್ಕೆ ಎರಡು ಸಲ ಕರೆಸಿಕೊಳ್ಳುವ ಯೋಗ್ಯತೆ ಬಂದಿದೆ ಎನಿಸಿಬಿಡುತ್ತದೆ. ಆಫೀಸಿನಿಂದ ನಿವೃತ್ತನಾಗಿ, ಚನ್ನಗಿರಿಯ ನಮ್ಮ ಮನೆಯ ಹಿಂದಿನ ಸೌದೆ ಕೋಣೆಯಲ್ಲಿ ಪುಟ್ಟದೊಂದು ಉಗಿಯಂತ್ರ ಮಾಡಲು ಕುಳಿತ ಮೇಲೆ ನನಗಾದದ್ದು ಇದೇ. ನಮ್ಮ ಊರಿಗೆ ರೈಲಿಲ್ಲ. ಹುಡುಗನಾಗಿದ್ದಾಗ ಒಮ್ಮೆ ದಾವಣಗೆರೆಯಲ್ಲಿ ಹೊಗೆ ಬಿಡುವ ಎಂಜಿನ್ನಿನ ಪಕ್ಕ ನಿಂತು ಅಂಗಿಯೆಲ್ಲ ಮಸಿ ಮಾಡಿಕೊಂಡಿದ್ದೆ. ಅಪ್ಪ ಏನೆಂದು ಬೈದರೋ ಮರೆತಿದೆ, ಆ ಎಂಜಿನ್ನಿನ ಬಿಸಿ ಉಸಿರು ಮಾತ್ರ ಮರೆತಿಲ್ಲ.

ಯಂತ್ರವೆಂದರೆ ದೊಡ್ಡದೇನಲ್ಲ, ಊಟದ ತಟ್ಟೆಯ ಮೇಲೆ ಕೂರುವಷ್ಟು. ತಾಮ್ರದ ಕೊಳವೆಯ ಎರಡೂ ಬಾಯಿಗೆ ಮುಚ್ಚಳ ಬೆಸೆದು ಮಾಡಿದ ಬಾಯ್ಲರು, ಅದರ ಕೆಳಗೊಂದು ಸ್ಪಿರಿಟ್ ದೀಪ, ಬೆರಳಿನಷ್ಟು ಸಿಲಿಂಡರು, ಒಂದು ಚಕ್ರ. ನೀರು ಕುದಿದು ಉಗಿಯಾಗಬೇಕು, ಉಗಿ ಚಕ್ರವನ್ನು ತಿರುಗಿಸಬೇಕು. ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ನಿಲ್ಲಿಸುತ್ತಾ, ಮಳೆಗಾಲ ಪೂರ್ತಿ ಅದರಲ್ಲೇ ಕಳೆದೆ. ಜಗಲೂರು ಕಡೆಯ ಸೊಕ್ಕೆಯಲ್ಲಿ ಹುಟ್ಟಿ ಬೆಳೆದ ನನ್ನ ಅವ್ವನಿಗೆ ಈಗ ಎಂಬತ್ತು ದಾಟಿ ಕಣ್ಣು ಮಂಜಾಗಿದೆ. ದೀಪ ಹಚ್ಚುವ ದಿನ ಗೊತ್ತಾದಾಗ ಅವಳು ಕೇಳಿದ್ದು ಒಂದೇ ಮಾತು: “ನನ್ನ ಕುರ್ಚಿ ಹತ್ರಕ್ಕೆ ಹಾಕು ತಮ್ಮಾ. ದೂರ ಕುಂತ್ರೆ ನಂಗೆ ಕಾಣಂಗಿಲ್ಲ.” ಅಂತೆಯೇ ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಯಂತ್ರವಿಟ್ಟು, ಕೈಯಳತೆಯಲ್ಲಿ ಅವ್ವನ ಕುರ್ಚಿ ಹಾಕಿದೆ. ಅಕ್ಕಪಕ್ಕದವರೂ ಬಂದು ಗೋಡೆಗೆ ಒರಗಿ ನಿಂತರು.

ಬೆಂಕಿಕಡ್ಡಿ ಗೀರಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜ ಒಳಗಿನಿಂದ ಬಂದಳು. ಅವಳು ನರ್ಸ್ ಆಗಿದ್ದವಳು. ಬಹಳ ವರ್ಷ ಸುಟ್ಟ ಗಾಯದವರ ವಾರ್ಡಿನಲ್ಲೇ ಕೆಲಸ ಮಾಡಿದ್ದಳು.

“ರೀ, ಮೊದ್ಲು ತಣ್ಣೀರು ತುಂಬಿ, ಒತ್ತಡ ಕೊಟ್ಟು ನೋಡ್ರಿ ಅಂತ ಆ ವಿಡಿಯೋದಾಗೆ ಹೇಳಿದ್ರಲ್ಲ, ನೋಡಿದ್ರೇನು?”

“ಅದು ಹೊಸಬರಿಗೆ ಕಣೇ.”

“ಇಲ್ಲೀವರೆಗೆ ಎಷ್ಟು ಮಾಡೀರಿ ನೀವು?”

ಇದೇ ಮೊದಲನೆಯದು ಎಂದು ನಾಲ್ಕು ಜನರ ಎದುರು ಹೇಳುವುದು ಕಷ್ಟವಾಗಿ, ದೀಪದ ಬತ್ತಿ ಸರಿಮಾಡತೊಡಗಿದೆ. ಅವಳು ಬೆಂಕಿಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು. “ಉಗಿ ಬಡಿದ ಮುಖ ನಾನು ನೋಡೀನಿ. ನೀವು ನೋಡಿಲ್ಲ” ಎಂದಳು. ಬಂದವರು ಕಾಫಿ ಕುಡಿದು, ನನ್ನ ಮುಖ ನೋಡದೆ ಹೊರಟುಹೋದರು. ನಾನು ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಾಡಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ ಎನ್ನುವುದು ಬೇರೆ ವಿಷಯ.

ಗಿರಿಜಳ ತಮ್ಮ ಹಾಲೇಶನದು ಸಂತೇಬೆನ್ನೂರಿನಲ್ಲಿ ಅಡಿಕೆ ತೋಟ. ಅಕ್ಕನ ಫೋನು ಹೋದದ್ದೇ ತಡ, ಅಡಿಕೆಗೆ ಔಷಧಿ ಹೊಡೆಯುವ ಕೈಪಂಪನ್ನು ಬೈಕಿಗೆ ಕಟ್ಟಿಕೊಂಡು ಬಂದ. ಅದರ ಪೈಪನ್ನು ಬಾಯ್ಲರಿಗೆ ಸೇರಿಸಿ ತಣ್ಣೀರು ತುಂಬಿದೆವು. ತಣ್ಣೀರಾದರೆ ಬೆಸುಗೆ ಬಿಟ್ಟರೂ ನೀರು ಚಿಮ್ಮಿ ನಿಲ್ಲುತ್ತದೆ, ಉಗಿಯಂತೆ ಸಿಡಿಯುವುದಿಲ್ಲ. ಹಾಲೇಶ ಪಂಪು ಒತ್ತುತ್ತಾ ಹೋದ, ನಾನು ಒತ್ತಡ ತೋರಿಸುವ ಮುಳ್ಳನ್ನೇ ನೋಡುತ್ತಾ ನಿಂತೆ. ಉಗಿಗೆಂದು ನಾನು ಗೊತ್ತುಮಾಡಿದ್ದ ಗೆರೆಯ ಹತ್ತಿರ ಮುಳ್ಳು ಬಂದಿತ್ತಷ್ಟೆ, ಟಪ್ಪೆಂದು ಒಂದು ಕಡೆಯ ಮುಚ್ಚಳ ಕಿತ್ತು ಹಾರಿತು. ನೀರು ನೇರವಾಗಿ ಹೋಗಿ, ಬೆಳಗಿನಿಂದ ಅಲ್ಲೇ ಇದ್ದ ಅವ್ವನ ಖಾಲಿ ಕುರ್ಚಿಯ ಬೆನ್ನಿಗೆ ಬಡಿಯಿತು.

ಕುರ್ಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಲೇಶ ಮೆಲ್ಲಗೆ, “ಭಾವ, ಇಲ್ಲಿ ಯಾರು ಕುಂತ್ಕಳಾಕಿದ್ರು?” ಎಂದ. ಒಳಗಿನಿಂದ ಅವ್ವ, “ಆತೇನೋ ತಮ್ಮಾ? ಬರ್ಲಾ?” ಎಂದು ಕೂಗಿದಳು.

ಅಂದೇ ಯಂತ್ರವನ್ನು ಒಳಗೆ ಒಯ್ದಿಟ್ಟೆ. ಸೌದೆ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ದೇವರ ಗೂಡಿನಲ್ಲಿಟ್ಟು, ಪೇಪರು ಓದುವ ಸಾಧು ಪ್ರಾಣಿಯಾಗಿ ಕೆಲವು ದಿನ ಕಳೆದೆ. ಒಂದು ಬೆಳಿಗ್ಗೆ ಗಿರಿಜಳೇ ಬೀಗ ತೆಗೆದಳು. “ಬಿಟ್ಟುಬಿಡ್ರಿ ಅಂತ ನಾನೆಲ್ಲಿ ಹೇಳಿದ್ದೆ? ಸರಿಯಾಗಿ ಮಾಡ್ರಿ ಅಂದಿದ್ದೆ” ಎಂದಳು. ಮೊದಲು ನಾನು ಹಾಕಿದ್ದು ರೇಡಿಯೋ ತಂತಿಗೆ ಹಾಕುವಂಥ ಮೆತ್ತನೆಯ ಬೆಸುಗೆ. ಈ ಸಲ ಒತ್ತಡಕ್ಕೆ ಬಿಡದ ಬೆಳ್ಳಿ ಬೆಸುಗೆಯ ತಂತಿ ತಂದೆವು. ತಾಮ್ರ ಕೆಂಪಗೆ ಕಾಯುವಾಗ ನಾನು ಮುಖ ಪಕ್ಕಕ್ಕೆ ತಿರುಗಿಸಿದೆ. ಅವಳು ಗ್ಯಾಸ್ ಟಾರ್ಚನ್ನು ಇಸಿದುಕೊಂಡು, ಇಂಜೆಕ್ಷನ್ ಕೊಡುವವಳ ನಿಧಾನದಲ್ಲಿ ಉರಿ ಹಿಡಿದಳು. ನಾನು ಬೆಳ್ಳಿ ತಂತಿ ಮುಟ್ಟಿಸುತ್ತಾ ಹೋದೆ. ಹಾಲೇಶ ಮತ್ತೆ ಬಂದು, ನನ್ನ ಗೆರೆಯ ಎರಡರಷ್ಟು ಒತ್ತಡ ಕೊಟ್ಟ. ಬಹಳ ಹೊತ್ತು ಕಾದೆವು, ಒಂದು ಹನಿಯೂ ಜಿನುಗಲಿಲ್ಲ. ಆಮೇಲೆ ಗಿರಿಜ ಸೆರಗಿನ ಗಂಟು ಬಿಚ್ಚುವಂತೆ ನಟಿಸಿ, ಒಲೆಯ ಹತ್ತಿರದಿಂದ ಬೇರೆ ಬೆಂಕಿಪೊಟ್ಟಣ ತಂದುಕೊಟ್ಟಳು.

ಈ ಸಲ ಅವ್ವನ ಕುರ್ಚಿ ಬಾಗಿಲಾಚೆ, ಪಡಸಾಲೆಯಲ್ಲಿತ್ತು. ಅವಳು ಗೊಣಗಿದರೂ ನಾನು ಕದಲಿಸಲಿಲ್ಲ. ನೀರು ಕುದಿಯಿತು, ಉಗಿ ಬುಸುಗುಟ್ಟಿತು, ಚಕ್ರ ಮಾತ್ರ ಅಲುಗಲಿಲ್ಲ. ಗಿರಿಜ ಬೆರಳಿನಿಂದ ಮೆಲ್ಲಗೆ ತಳ್ಳಿದಳು. ಅದು ಒಮ್ಮೆ ತಡವರಿಸಿ, ಟಕಟಕ ಎಂದು ಓಡತೊಡಗಿತು. ನಾನು ಅವ್ವನ ಬಳಿ ಹೋದೆ.

“ಕಾಣ್ತೈತೇನವ್ವಾ?”

“ಕಾಣಂಗಿಲ್ಲ. ಕೇಳ್ತೈತೆ. ಚಲೋ ಐತೆ.”

ಇಷ್ಟು ಹೊತ್ತು ಕೂರಿಸಿದ್ದಕ್ಕೆ ಸಂಕೋಚವಾಗಿ, “ಇದ್ರಿಂದ ಏನೂ ಉಪಯೋಗ ಇಲ್ಲವ್ವಾ. ಸುಮ್ನೆ ತಿರುಗ್ತೈತೆ ಅಷ್ಟೆ” ಎಂದೆ.

ಅವ್ವ ನನ್ನ ಕೈ ಹುಡುಕಿ ಹಿಡಿದುಕೊಂಡು ಸಮಾಧಾನ ಹೇಳಿದಳು: “ಇರ್ಲಿ ಬಿಡು ತಮ್ಮಾ. ನೀನೂ ಅಷ್ಟು ವರ್ಷ ಆಫೀಸಿಗೆ ಹೋಗಿ ಬಂದೆ. ಅದ್ರಿಂದ ಏನು ಉಪಯೋಗ ಅಂತ ನಾನು ಯಾವತ್ತಾರ ಕೇಳಿದ್ನೇನು?”